ಮೂಲವ್ಯಾಧಿ ಎಂದುಕೊಂಡ ಏಳು ತಿಂಗಳು

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬಡಿಯಲು ನಮ್ಮ ಓಣಿಯ ಹೆಂಗಸರೆಲ್ಲ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡುವುದು ವಾಡಿಕೆ. 2024ರ ಜನವರಿಯಲ್ಲಿ ಹಾಗೆ ಕೂತಿದ್ದಾಗ ಒಂದು ತಾಸಿನೊಳಗೆ ನಾನು ಮೂರು ಸಲ ಎದ್ದು ಹೋದೆ. ಮೂರನೆಯ ಸಲ ಮರಳಿ ಬಂದು ಕೂರುವಷ್ಟರಲ್ಲಿ ನಮ್ಮ ವೈನಿ ನನ್ನ ಸೀರೆಯ ಹಿಂಭಾಗ ನೋಡಿದರು. ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿ, ಕೈ ಹಿಡಿದು, ಹಿತ್ತಲ ಬಾಗಿಲಿನಿಂದ ಮನೆಗೆ ಕರೆತಂದರು.

“ಎಷ್ಟು ದಿನದಿಂದ?” ಎಂದು ಕೇಳಿದರು.

“ತಿಂಗಳಾಯಿತು. ಮೂಲವ್ಯಾಧಿ ಇರಬೇಕು” ಎಂದೆ.

ಮುಂದಿನ ಐದಾರು ತಿಂಗಳು ನಾನು ಎಲ್ಲರಿಗೂ ಇದೇ ಉತ್ತರ ಕೊಟ್ಟೆ. ನನಗೂ ಇದನ್ನೇ ಹೇಳಿಕೊಂಡೆ. ಇದು ತಪ್ಪು ಉತ್ತರವಾಗಿತ್ತು. ತಪ್ಪಿಗೆ ಬೆಲೆಯಾಗಿ ನನ್ನ ಮೈಯ ರಕ್ತ ಅರ್ಧಕ್ಕೆ ಇಳಿಯಿತು. ನನ್ನಂತೆ ಬೇರೆ ಯಾರೂ ಬಾಯಿ ಮುಚ್ಚಿಕೊಂಡು ಕೂರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಕ್ಯಾನ್ಸರಿಗೆ ಕೊಟ್ಟ ವಿಕಿರಣದಿಂದ ಗುದನಾಳ ಕೆಟ್ಟು ರಕ್ತ ಹೋಗುವ, ಹೇಳಿಕೊಳ್ಳಲು ನಾಚಿಕೆಯಾಗುವ ಜಾಗದ ಕಾಯಿಲೆ ಇದು. ಆದ್ದರಿಂದಲೇ ಬಿಡಿಸಿ ಬರೆಯುತ್ತೇನೆ.

ಮೊದಲು ಹಿಂದಿನ ಕಥೆ. ನಾನು ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2022ರ ಬೇಸಿಗೆಯಲ್ಲಿ, ನನಗೆ ಐವತ್ತು ತುಂಬಿದ ವರ್ಷ, ಗರ್ಭಕಂಠದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಮಾಡುವ ಹಂತ ದಾಟಿತ್ತು. ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು ಐದು ವಾರ ಇದ್ದೆವು. ವಾರಕ್ಕೆ ಐದು ದಿನದಂತೆ 25 ಸಲ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಕೊನೆಯಲ್ಲಿ ಮೂರು ಸಲ ಒಳಗಿನಿಂದ ವಿಕಿರಣ. ನಮ್ಮ ಕಡೆ ಯಾರೂ ವಿಕಿರಣ ಎನ್ನುವುದಿಲ್ಲ, ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಮುಗಿಯಿತು. ಮೂರು ತಿಂಗಳಿಗೊಮ್ಮೆ ತಪಾಸಣೆ, ಪ್ರತಿ ಸಲವೂ ‘ಚೆನ್ನಾಗಿದೆ’ ಎಂಬ ಮಾತು. ಆ ಚಿಕಿತ್ಸೆ ನನ್ನ ಜೀವ ಉಳಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ಕರೆಂಟಿಗೆ ಹೆದರಿ ಚಿಕಿತ್ಸೆ ಬಿಡಬಾರದು. ಬಿಟ್ಟಿದ್ದರೆ ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ.

ಕರೆಂಟ್ ಮುಗಿದು ಹದಿನೈದು ತಿಂಗಳಿಗೆ, 2023ರ ಡಿಸೆಂಬರಿನಲ್ಲಿ, ಮಲದ ಜೊತೆ ರಕ್ತ ಕಾಣಿಸಿತು. ಮೊದಲು ಎರಡು ಹನಿ, ಕೆಂಪಾಗಿ, ತಾಜಾ. ನೋವಿರಲಿಲ್ಲ. ಆಮೇಲೆ ಲೋಳೆ. ಆಮೇಲೆ ದಿನಕ್ಕೆ ಆರೇಳು ಸಲ ಅವಸರ; ಹೋದರೆ ಏನೂ ಇಲ್ಲ, ಬರೀ ಮುಕ್ಕುವಿಕೆ, ಬರೀ ರಕ್ತ. ನಮ್ಮ ಶಾಲೆಯ ಶೌಚಾಲಯ ಮೈದಾನದ ಆ ತುದಿಯಲ್ಲಿದೆ. ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಾ ನಡುವೆ ಸುಣ್ಣದ ಕಡ್ಡಿ ಇಟ್ಟು ಓಡಬೇಕಾಗುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ ಇದೆ ಎಂದು ನಾಷ್ಟಾ ಬಿಟ್ಟೆ. ಬರಬರುತ್ತ ಮಧ್ಯಾಹ್ನದ ಊಟವೂ ಅರ್ಧವಾಯಿತು.

ಫೆಬ್ರವರಿಯಲ್ಲಿ ಕ್ಯಾನ್ಸರ್ ತಪಾಸಣೆಗೆ ಹೋದೆ. ಅಲ್ಲಿಯೂ ಹೇಳಲಿಲ್ಲ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಕೇಳಿದರೆ ‘ಮತ್ತೆ ಬಂದಿದೆ’ ಎನ್ನುತ್ತಾರೆ ಎಂಬ ಭಯ ಎದೆಯೊಳಗೆ ಕಲ್ಲಿನಂತೆ ಕೂತಿತ್ತು. ವೈದ್ಯರು ಮುಂಭಾಗದ ಪರೀಕ್ಷೆ ಮಾಡಿ ‘ಎಲ್ಲ ಸರಿ ಇದೆ’ ಎಂದರು. ನಾನು ಕೈಮುಗಿದು ಎದ್ದುಬಂದೆ. ಅವರಿಗೆ ಒಂದೇ ಒಂದು ಮಾತು ಹೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಅದರ ಬದಲು ಬಸ್ ನಿಲ್ದಾಣದ ಹತ್ತಿರದ ಸಂದಿಯಲ್ಲಿ ‘ಮೂಲವ್ಯಾಧಿಗೆ ಖಾತರಿ ಚಿಕಿತ್ಸೆ’ ಎಂದು ಫಲಕ ಹಾಕಿದವನ ಬಳಿ ಹೋದೆ. ಅವನು ನೋಡಲೂ ಇಲ್ಲ, ಹಿಂದೆ ಏನು ಕಾಯಿಲೆ ಇತ್ತು ಎಂದು ಕೇಳಲೂ ಇಲ್ಲ. ಒಂದು ಪುಡಿ, ಒಂದು ಮುಲಾಮು ಕೊಟ್ಟು, ಹದಿನೈದು ದಿನ ಬಿಟ್ಟು ಬಂದರೆ ದಾರ ಕಟ್ಟಿ ಉದುರಿಸುತ್ತೇನೆ ಎಂದ. ಆ ಹದಿನೈದನೆಯ ದಿನ ಶಾಲೆಗೆ ತಪಾಸಣೆಯವರು ಬಂದಿದ್ದರಿಂದ ನಾನು ಹೋಗಲಾಗಲಿಲ್ಲ. ವಿಕಿರಣ ಬಿದ್ದ ಜಾಗದಲ್ಲಿ ಕೊಯ್ದರೂ ಕಟ್ಟಿದರೂ ಗಾಯ ಮಾಯುವುದು ಬಹಳ ಕಷ್ಟ ಎಂದು ಆಮೇಲೆ ತಿಳಿದಾಗ ಮೈ ಜುಮ್ಮೆಂದಿತು. ಪದವಿ ಪಡೆದ ವೈದ್ಯರೊಬ್ಬರ ಬಳಿಯೂ ಹೋಗಿದ್ದೆ. ಅವರೂ ಎರಡು ತಿಂಗಳು ಮೂಲವ್ಯಾಧಿಯ ಮಾತ್ರೆ ಬರೆದರು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಅಷ್ಟು ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕನ್ನಡಿಯಲ್ಲಿ ತುಟಿಯೂ ಕೆನ್ನೆಯೂ ಒಂದೇ ಬಣ್ಣ. ತಿಂಗಳ ಕೊನೆಯ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ನಿಂತಲ್ಲೇ ಕುಸಿದೆ. ಮಕ್ಕಳು ಹೆದರಿ ಅತ್ತರಂತೆ. ಮುಖ್ಯ ಗುರುಗಳು ಯಾರದೋ ಕಾರಿನಲ್ಲಿ ಕೊಪ್ಪಳಕ್ಕೆ ಕರೆತಂದರು. ಹಿಮೋಗ್ಲೋಬಿನ್ 6.1 ಇತ್ತು.

ಅಂದು ತುರ್ತು ವಿಭಾಗದಲ್ಲಿದ್ದ ವೈದ್ಯೆ ನನ್ನ ಮಗಳ ವಯಸ್ಸಿನ ಹುಡುಗಿ. ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ಕೇಳಿದಳು. ಮೂಲವ್ಯಾಧಿ ಎಂದೆ. “ಅಮ್ಮಾ, ಹಿಂದೆ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ?” ಎಂದಳು. ಹೇಳಿದೆ. ಅವಳು ಬರೆಯುತ್ತಿದ್ದ ಪೆನ್ನು ನಿಂತಿತು.

“ಕರೆಂಟ್ ಕೊಟ್ಟಿದ್ದರೇ? ಎಷ್ಟು ದಿನ? ಆ ಕಾಗದ ಇದೆಯೇ?”

ನಮ್ಮ ಯಜಮಾನರು ಮನೆಗೆ ಹೋಗಿ ಟ್ರಂಕಿನಿಂದ ಕಡತ ತಂದರು. ಹೊರಗಿನಿಂದ 50 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), 25 ಕಂತು. ಒಳಗಿನಿಂದ 7 ಗ್ರೇ, 3 ಸಲ. ಆ ಹಾಳೆಯನ್ನು ಅವಳು ಎರಡು ಸಲ ಓದಿದಳು. “ಅಮ್ಮಾ, ಇದು ಮೂಲವ್ಯಾಧಿ ಆಗಿರಲಿಕ್ಕಿಲ್ಲ. ಕ್ಯಾನ್ಸರ್ ಮತ್ತೆ ಬಂದಿದೆ ಎಂದೂ ಈಗಲೇ ಅಂದುಕೊಳ್ಳಬೇಡಿ. ಕರೆಂಟಿನಿಂದ ಗುದನಾಳದ ರಕ್ತನಾಳಗಳು ಕೆಟ್ಟಿರಬಹುದು. ಕರುಳಿನ ತಜ್ಞರೇ ನೋಡಬೇಕು” ಎಂದಳು. ಏಳು ತಿಂಗಳಿನಿಂದ ನನಗೆ ಒಬ್ಬರೂ ಹೇಳದ ಮಾತು ಅದು. ಆ ಹುಡುಗಿ ಎಲ್ಲಿದ್ದರೂ ಚೆನ್ನಾಗಿರಲಿ.

ಎರಡು ಬಾಟಲಿ ರಕ್ತ ಹಾಕಿದ ಮೇಲೆ ಹುಬ್ಬಳ್ಳಿಗೆ ಹೋದೆವು. ಪೆಗ್ ಪುಡಿ ಕಲಸಿದ ನೀರು ಕುಡಿಸಿ, ಹೊಟ್ಟೆ ಪೂರಾ ತೊಳೆಸಿ, ಕೊಲೊನೋಸ್ಕೋಪಿ, ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ನೋಡುವ ಪರೀಕ್ಷೆ, ಮಾಡಿದರು. ಕೆಳಭಾಗವನ್ನಷ್ಟೇ ಅಲ್ಲ, ಇಡೀ ದೊಡ್ಡ ಕರುಳನ್ನು ನೋಡಿದರು. ಬೇರೆ ಕಡೆ ಗಂಟೋ ಹುಣ್ಣೋ ಇದ್ದು, ಎಲ್ಲ ತಪ್ಪನ್ನೂ ಕರೆಂಟಿನ ತಲೆಗೆ ಕಟ್ಟುವಂತೆ ಆಗಬಾರದು ಎಂದರು. ಎಂಆರ್‌ಐ ಕೂಡ ಮಾಡಿಸಿದರು. ಕ್ಯಾನ್ಸರ್ ಇರಲಿಲ್ಲ. ಆ ವರದಿ ಕೈಗೆ ಬಂದಾಗ ನಮ್ಮ ಯಜಮಾನರು ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರಕ್ಕೆ ಮುಖ ಮಾಡಿ ಬಹಳ ಹೊತ್ತು ನಿಂತರು.

ಗುದನಾಳದ ಚಿತ್ರವನ್ನು ವೈದ್ಯರು ನನಗೆ ತೋರಿಸಿದರು. ಗೋಡೆ ಬಿಳುಚಿಕೊಂಡಿತ್ತು. ಅದರ ಮೇಲೆ, ಮುಂಭಾಗದಲ್ಲಿ, ಕೆಂಪು ದಾರವನ್ನು ಬಿಡಿಬಿಡಿಯಾಗಿ ಹರವಿದ ಹಾಗೆ ಸಣ್ಣ ಸಣ್ಣ ರಕ್ತನಾಳಗಳು, ಜೇಡನ ಕಾಲುಗಳಂತೆ ಸೊಟ್ಟಸೊಟ್ಟಗೆ. ಕೆಲವು ತುದಿಗಳಲ್ಲಿ ರಕ್ತ ಒಸರುತ್ತಿತ್ತು. ಕೊಳವೆಯ ತುದಿ ಸೋಕಿದ ಕಡೆಯಲ್ಲೂ ರಕ್ತ. ಗರ್ಭಕಂಠದ ಬೆನ್ನಿಗೇ ಗುದನಾಳ ಇರುವುದರಿಂದ, ಮುಂದಿನದಕ್ಕೆ ಕೊಟ್ಟ ವಿಕಿರಣದ ಪಾಲು ಹಿಂದಿನದಕ್ಕೂ ಸಿಕ್ಕಿಯೇ ಸಿಗುತ್ತದೆ. ಅದಕ್ಕೇ ಗೋಡೆಯ ಆ ಬದಿ ಹೆಚ್ಚು ಕೆಟ್ಟಿತ್ತು.

“ಕರೆಂಟ್ ಮುಗಿದು ವರ್ಷದ ಮೇಲಾಯಿತು ಸರ್, ಈಗೇಕೆ?” ಎಂದು ಕೇಳಿದೆ.

ವೈದ್ಯರು ರಾಯಚೂರು ಜಿಲ್ಲೆಯವರು. ಅವರ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆಯಂತೆ. ಮುನಿರಾಬಾದಿನಲ್ಲಿ ಬಿಟ್ಟ ನೀರು ತಮ್ಮ ಹೊಲಕ್ಕೆ ಬರುತ್ತದೋ ಇಲ್ಲವೋ ಎಂದು ಕಾಯುತ್ತಲೇ ಬೆಳೆದವರು. “ಅಕ್ಕಾವರೇ, ಕಾಲುವೆಯಲ್ಲಿ ಹೂಳು ಒಂದೇ ದಿನಕ್ಕೆ ತುಂಬುವುದಿಲ್ಲ” ಎಂದರು. ವಿಕಿರಣ ಬಿದ್ದಾಗ ಸಣ್ಣ ರಕ್ತನಾಳಗಳ ಒಳಪದರಕ್ಕೆ ಪೆಟ್ಟಾಗುತ್ತದೆ. ಆ ಪದರದ ಜೀವಕೋಶಗಳು ನಿಧಾನವಾಗಿ ಹುಟ್ಟಿ ನಿಧಾನವಾಗಿ ಸಾಯುವಂಥವು. ಆದ್ದರಿಂದ ಪೆಟ್ಟು ಹೊರಗೆ ಕಾಣಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಪದರ ದಪ್ಪವಾಗುತ್ತಾ ಹೋಗಿ ನಾಳ ಕಿರಿದಾಗುತ್ತದೆ, ಕೆಲವು ಮುಚ್ಚಿಯೇ ಹೋಗುತ್ತವೆ. ಅಂಗಾಂಶಕ್ಕೆ ರಕ್ತವೂ ಆಮ್ಲಜನಕವೂ ಸಾಲದಾಗುತ್ತದೆ. ಆಗ ದೇಹ ತನ್ನ ಪಾಡಿಗೆ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಕೊನೆಯ ಭಾಗಕ್ಕೆ ನೀರು ಬರದಿದ್ದಾಗ ರೈತರು ಅವಸರದಲ್ಲಿ ಮಣ್ಣು ತೋಡಿ ಮಾಡಿಕೊಂಡ ಕಾಲುವೆಯಂತೆ ಅವು. ದಂಡೆ ಗಟ್ಟಿ ಇಲ್ಲ. ಮಲ ಸ್ವಲ್ಪ ಗಟ್ಟಿಯಾಗಿ ಉಜ್ಜಿದರೂ ಒಡೆಯುತ್ತವೆ.

ಇಪ್ಪತ್ತೇಳು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಇಷ್ಟು ಚೆನ್ನಾಗಿ ನನಗೆ ಯಾರೂ ಪಾಠ ಹೇಳಿರಲಿಲ್ಲ.

ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು. ಗುದನಾಳದ ಆ ಮುಂಭಾಗದ ಗೋಡೆಯಿಂದ ಪರೀಕ್ಷೆಗೆಂದು ಚೂರು ತೆಗೆಯಬಾರದು. ರಕ್ತ ಸಂಚಾರ ಸಾಲದ ಜಾಗವಾದ್ದರಿಂದ ಚೂರು ತೆಗೆದ ಗಾಯ ಮಾಯದೆ ಹುಣ್ಣಾಗಿ, ಅದು ಮುಂದಿರುವ ಯೋನಿಮಾರ್ಗಕ್ಕೆ ರಂಧ್ರವಾಗಿ ಬಿಡುವ ಅಪಾಯವಿದೆ. ನಿಜವಾಗಿಯೂ ಅನುಮಾನದ ಗಂಟು ಕಂಡರೆ ಮಾತ್ರ ಬೇರೆ ಮಾತು. ಆದ್ದರಿಂದ ಎಲ್ಲೇ ಕೊಳವೆ ಪರೀಕ್ಷೆಗೆ ಮಲಗಿದರೂ, ಮಲಗುವ ಮೊದಲೇ ಕರೆಂಟಿನ ಕಾಗದ ತೋರಿಸಬೇಕು. ಆ ಹಾಳೆಯನ್ನು ಈಗ ಲ್ಯಾಮಿನೇಟ್ ಮಾಡಿಸಿ ಕೈಚೀಲದಲ್ಲೇ ಇಟ್ಟುಕೊಂಡಿದ್ದೇನೆ.

ಚಿಕಿತ್ಸೆ ಔಷಧಿಯಿಂದಲೇ ಶುರುವಾಯಿತು. ಸುಕ್ರಾಲ್ಫೇಟ್ ಎಂಬ ಔಷಧಿ, ಹೊಟ್ಟೆ ಹುಣ್ಣಿಗೆ ಕುಡಿಯಲು ಕೊಡುವ ಅದೇ ಮಂದ ದ್ರವ. ಅದನ್ನು ಗುದದ್ವಾರದಿಂದ ಒಳಗೆ ಬಿಡಬೇಕು, ಎರಡು ಗ್ರಾಂ ಔಷಧಿ ಇರುವ 20 ಮಿಲಿಲೀಟರ್, ದಿನಕ್ಕೆ ಎರಡು ಸಲ. ಹುಣ್ಣಾದ ಗೋಡೆಗೆ ಅದು ಅಂಟಿಕೊಂಡು ಸುಣ್ಣ ಬಳಿದಂತೆ ಪದರವಾಗಿ ನಿಲ್ಲುತ್ತದೆ. ಈ ತೊಂದರೆಗೆ ಇದು ಒಳ್ಳೆಯ ಮದ್ದು ಎಂದು ಪರೀಕ್ಷೆ ಮಾಡಿ ತೋರಿಸಿದವರಲ್ಲಿ ನಮ್ಮ ದೇಶದ ಚಂಡೀಗಢದ ವೈದ್ಯರೂ ಇದ್ದಾರೆ. 1991ರಷ್ಟು ಹಿಂದೆಯೇ ಅವರ ಅಧ್ಯಯನ ಪ್ರಕಟವಾಗಿದೆ ಎಂದು ಕೇಳಿ ಸಂತೋಷವಾಯಿತು. ದುಬಾರಿಯೂ ಅಲ್ಲ. ಔಷಧಿ ಅಂಗಡಿಯ ಬಾಟಲಿ, ಸೂಜಿ ಇಲ್ಲದ ದೊಡ್ಡ ಸಿರಿಂಜು, ಮೆತ್ತನೆಯ ರಬ್ಬರ್ ನಳಿಕೆ, ಅಷ್ಟೇ.

ಅದನ್ನು ಹಾಕುವವರು ಯಾರು ಎಂಬುದು ನನ್ನ ಚಿಂತೆಯಾಗಿತ್ತು. ನರ್ಸ್ ಒಬ್ಬರು ತೋರಿಸಿಕೊಟ್ಟಿದ್ದರು: ಎಡ ಮಗ್ಗುಲಿಗೆ ಮಲಗಬೇಕು, ಬಲ ಮೊಣಕಾಲು ಎದೆಯ ಕಡೆ ಮಡಚಬೇಕು, ನಳಿಕೆಯ ತುದಿಗೆ ಜೆಲ್ ಸವರಿ ನಿಧಾನವಾಗಿ ಬಿಡಬೇಕು. ನನ್ನ ಕೈಗೆ ಎಟುಕಲಿಲ್ಲ. ಎರಡು ಸಲ ಚಾದರದ ತುಂಬ ಚೆಲ್ಲಿಕೊಂಡೆ. ಮೂರನೆಯ ದಿನ ನಮ್ಮ ಯಜಮಾನರು ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಮಾತು ಕಡಿಮೆಯ ಮನುಷ್ಯ. ಬಾಟಲಿ ತಣ್ಣಗಿದ್ದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದು ಅದನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟು ತಂದಿದ್ದರು. ಔಷಧಿಯನ್ನು ಮೊದಲು ತಮ್ಮ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿದರು, ನಮ್ಮ ಮಗಳು ಕೂಸಾಗಿದ್ದಾಗ ಹಾಲು ನೋಡುತ್ತಿದ್ದ ಹಾಗೆ. “ಉಸಿರು ಬಿಡು” ಎಂದರು. ಆಮೇಲೆ ಅರ್ಧ ತಾಸು ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ, ಅವರು ಕುರ್ಚಿಯಲ್ಲಿ ಕೂತು ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಐದು ವಾರ, ದಿನಕ್ಕೆ ಎರಡು ಸಲ, ಒಂದು ದಿನವೂ ತಪ್ಪಿಸಲಿಲ್ಲ.

ಜೊತೆಗೆ ಕಬ್ಬಿಣದ ಅಂಶದ ಚುಚ್ಚುಮದ್ದು, ರಾತ್ರಿ ಇಸಬಗೋಲ್. ಮೊಣಕಾಲು ನೋವಿಗೆ ನುಂಗುತ್ತಿದ್ದ ಮಾತ್ರೆ ಬಿಡಿಸಿದರು, ಅಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಊಟದ ವಿಷಯಕ್ಕೆ ನನಗೆ ಹೆಚ್ಚು ಕಟ್ಟುಪಾಡು ಹಾಕಲಿಲ್ಲ. ಮಲ ಗಟ್ಟಿಯಾಗಬಾರದು, ತಿಣುಕಬಾರದು, ಅಷ್ಟೇ. ಕಟಕ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿಂದೆ. ಕೆಂಪು ಖಾರ ತಿಂದ ಮರುದಿನ ಉರಿ ತಡೆಯಲಾಗುತ್ತಿರಲಿಲ್ಲ, ಹಾಗಾಗಿ ಅದನ್ನು ನಾನೇ ಬಿಟ್ಟೆ.

ಲೋಳೆ ಕಡಿಮೆಯಾಯಿತು, ಅವಸರವೂ ಇಳಿಯಿತು. ಆದರೆ ರಕ್ತ ಪೂರ್ತಿ ನಿಲ್ಲಲಿಲ್ಲ. ರಕ್ತ ಹಾಕಿದ ಮೇಲೆ 8 ದಾಟಿದ್ದ ಹಿಮೋಗ್ಲೋಬಿನ್ ಆಗಸ್ಟಿನ ಮೊದಲ ವಾರ ಮತ್ತೆ 7.6ಕ್ಕೆ ಬಂತು. “ಇನ್ನು ಸುಡೋಣ” ಎಂದರು ವೈದ್ಯರು. ರಕ್ತ ಒಸರುವ ನಾಳಗಳನ್ನು ಸುಡುವ ಆರ್ಗಾನ್ ಪ್ಲಾಸ್ಮಾ ಎಂಬ ವಿಧಾನ. ಆಗಸ್ಟ್ 12, ಸೋಮವಾರ ಎಂದು ನಿಗದಿಯಾಯಿತು.

ಭಾನುವಾರ ಕೊಪ್ಪಳದಲ್ಲಿ ರೈಲು ಹತ್ತಿದಾಗ ಬೋಗಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಹಿಂದಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ತುಂಬಿದ ಜಲಾಶಯದ ನೀರೆಲ್ಲ ನದಿಗೆ ಹೋಗುತ್ತಿದೆ, ಈ ವರ್ಷದ ಭತ್ತದ ಗತಿ ಏನು ಎಂದು ಗಂಗಾವತಿಯ ಕಡೆಯ ಇಬ್ಬರು ರೈತರು ತಲೆ ಮೇಲೆ ಕೈಹೊತ್ತು ಕೂತಿದ್ದರು. ನಾನು ಕಿಟಕಿಯ ಪಕ್ಕ ಪೆಗ್ ಪುಡಿಯ ಪೊಟ್ಟಣ ಹಿಡಿದು ಕೂತಿದ್ದೆ. ಅವರ ದುಃಖದ ಮುಂದೆ ನನ್ನದನ್ನು ಮರೆತ ಸ್ವಲ್ಪ ಹೊತ್ತು ಅದು.

ಸುಡುವುದು ಕೆಳಗಿನ ಒಂದು ಗೇಣು ಜಾಗ ಮಾತ್ರ. ಹಾಗಿದ್ದರೂ ಎರಡು ಲೀಟರ್ ನೀರು ಕುಡಿದು ಇಡೀ ಹೊಟ್ಟೆಯನ್ನು ಮತ್ತೆ ಏಕೆ ತೊಳೆದುಕೊಳ್ಳಬೇಕು, ಎನಿಮಾ ಒಂದು ಸಾಲದೇ ಎಂದು ಮೊದಲೇ ಕೇಳಿದ್ದೆ. ಸಾಲದು ಎಂದಿದ್ದರು. ಕರುಳಿನಲ್ಲಿ ಮಲ ಉಳಿದಿದ್ದರೆ ಮೀಥೇನ್, ಹೈಡ್ರೋಜನ್ ಅನಿಲಗಳು ಇರುತ್ತವೆ. ಎರಡೂ ಹೊತ್ತಿಕೊಳ್ಳುವಂಥವು. ಅಲ್ಲಿ ಕಿಡಿ ಹಾರಿಸಿದರೆ ಕರುಳೇ ಸಿಡಿಯಬಹುದು, ಎನಿಮಾ ಮಾತ್ರ ಕೊಟ್ಟು ಮಾಡಿದಾಗ ಹಾಗೆ ಆದದ್ದುಂಟು. ಇದನ್ನು ಕೇಳಿದ ಮೇಲೆ ಕೊನೆಯ ಲೋಟವನ್ನೂ ಬಿಡದೆ ಕುಡಿದೆ. ಉಪ್ಪುಪ್ಪಾದ, ಬಾಯಿಗೆ ಅಂಟುವ ನೀರು ಅದು. ಪ್ರತಿ ಲೋಟಕ್ಕೂ ಒಂದು ಚೂರು ನಿಂಬೆಹಣ್ಣು ನೆಕ್ಕುತ್ತಾ ಕುಡಿದೆ.

ಮರುದಿನ ಬೆಳಿಗ್ಗೆ ಮಗ್ಗುಲಾಗಿ ಮಲಗಿಸಿದರು. ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಸ್ವಲ್ಪ ಮಂಪರಿನ ಔಷಧಿ ಕೊಟ್ಟರು. ಪರದೆ ನನ್ನ ಕಣ್ಣಿಗೂ ಬೀಳುತ್ತಿತ್ತು. ಕೊಳವೆಯ ಬಾಯಿಯಿಂದ ತೆಳ್ಳನೆಯ ನಳಿಕೆ ಹೊರಬಂತು. ಅದು ಗೋಡೆಯನ್ನು ಮುಟ್ಟುವುದಿಲ್ಲ; ಕೂದಲೆಳೆಯ ದೂರದಲ್ಲಿ ನಿಲ್ಲುತ್ತದೆ. ಅದರಿಂದ ಆರ್ಗಾನ್ ಅನಿಲ ಹೊರಡುತ್ತದೆ, ವಿದ್ಯುತ್ತು ಆ ಅನಿಲದ ಮೂಲಕ ಹಾದು ನಾಳದ ಮೇಲೆ ಬೀಳುತ್ತದೆ. ಸುಡುವುದು ಮೇಲಿನ ಎರಡು ಮೂರು ಮಿಲಿಮೀಟರ್ ಮಾತ್ರ, ಆಳಕ್ಕೆ ಇಳಿಯುವುದಿಲ್ಲ. ಮೊದಲೇ ಬಡವಾದ ಗೋಡೆಗೆ ಅಷ್ಟೇ ಬೇಕಾದದ್ದು. ವೈದ್ಯರು ಕಾಲಿನಿಂದ ಒತ್ತುಗುಂಡಿ ಅದುಮಿದಾಗ ಸಣ್ಣದಾಗಿ ‘ಚಿರ್’ ಎಂಬ ಸದ್ದು, ನೀಲಿ ಕಿಡಿ. ಕೆಂಪು ಜೇಡ ಬಿಳಿ ಚುಕ್ಕೆಯಾಯಿತು. ಮತ್ತೆ ಚಿರ್, ಮತ್ತೊಂದು ಚುಕ್ಕೆ. ಎಲ್ಲವನ್ನೂ ಒಂದೇ ಸಲ ಸುಡಲಿಲ್ಲ, ಚುಕ್ಕೆಯ ನಡುವೆ ಜಾಗ ಬಿಡುತ್ತಾ ಹೋದರು. ಹೊಲಿಗೆಯಲ್ಲಿ ಟಾಕಿ ಹಾಕಿದ ಹಾಗೆ ಕಾಣುತ್ತಿತ್ತು. ನೋವಿರಲಿಲ್ಲ. ಅನಿಲದಿಂದ ಹೊಟ್ಟೆ ಉಬ್ಬಿ ಬಿಗಿಯಾಗುತ್ತಿತ್ತು, ನಡುನಡುವೆ ಅದನ್ನು ಹೀರಿ ತೆಗೆಯುತ್ತಿದ್ದರು. ಗುದದ್ವಾರದ ತೀರ ಹತ್ತಿರ ಒಮ್ಮೆ ಬಂದಾಗ ಸೂಜಿ ಚುಚ್ಚಿದಂತಾಗಿ ಕೂಗಿದೆ. “ಇಲ್ಲಿ ನರಗಳಿವೆ, ಈ ಕಡೆ ಬೇಡ” ಎಂದು ಕೈ ಹಿಂದೆಗೆದುಕೊಂಡರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಮೊದಲ ಹತ್ತು ದಿನ ಸುಖವಿರಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಸುಟ್ಟ ಕಡೆ ಸಣ್ಣ ಹುಣ್ಣುಗಳಾಗುತ್ತವೆ. ಲೋಳೆ, ಸ್ವಲ್ಪ ರಕ್ತ, ಕೂತಲ್ಲಿ ಕೂರಲಾಗದ ಒತ್ತಡ ಎಲ್ಲ ಮರಳಿ ಬಂದವು. ‘ಸುಡಿಸಿಕೊಂಡು ಕೆಡಿಸಿಕೊಂಡೆನೇ’ ಎಂದು ಒಂದು ರಾತ್ರಿ ಅತ್ತೆ. ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ನೋಡುತ್ತೇನೆ, ರಕ್ತವಿಲ್ಲ. ನೀರು ಹಾಕುವ ಮೊದಲು ಇನ್ನೊಮ್ಮೆ ಬಾಗಿ ನೋಡಿದೆ. ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಅದು ಮೊದಲ ದಿನ.

ಎರಡನೆಯ ಸಲ ಅಕ್ಟೋಬರಿನಲ್ಲಿ, ಮೂರನೆಯ ಸಲ ಡಿಸೆಂಬರಿನಲ್ಲಿ ಉಳಿದವನ್ನು ಸುಟ್ಟರು. ಒಂದು ಸಲದ ಗಾಯ ಮಾಯಲು ನಡುವೆ ಏಳೆಂಟು ವಾರ ಬಿಟ್ಟಿದ್ದರು. ಆ ಎರಡರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಆರ್ಗಾನ್‌ನಿಂದಲೂ ನಿಲ್ಲದವರಿಗೆ ಫಾರ್ಮಲಿನ್ ದ್ರಾವಣವನ್ನು ಗೋಡೆಗೆ ಸ್ವಲ್ಪ ಹೊತ್ತು ತಾಗಿಸಿ ರಕ್ತ ನಿಲ್ಲಿಸುವ ವಿಧಾನವೂ ಇದೆಯಂತೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಅದೇ ಬೆಂಚಿನ ಮೇಲೆ ಮಾನ್ವಿ ಕಡೆಯ ಹೆಂಗಸೊಬ್ಬರು ಪಕ್ಕದಲ್ಲಿ ಕೂತಿದ್ದರು. ಕೂಲಿ ಮಾಡಿ ಬದುಕುವವರು, ನನಗಿಂತ ಚಿಕ್ಕವರು. ಅವರಿಗೂ ನನ್ನದೇ ಕ್ಯಾನ್ಸರ್, ಕರೆಂಟ್ ಮುಗಿದು ನಾಲ್ಕು ವರ್ಷ. ಅವರಿಗೆ ರಕ್ತ ಹೋಗುತ್ತಿದ್ದುದು ಮೂತ್ರದಲ್ಲಿ. ಕೆಟ್ಟದ್ದು ಮೂತ್ರಕೋಶದ ರಕ್ತನಾಳಗಳು. ಕಾರಣ ಅದೇ, ಜಾಗ ಬೇರೆ. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಟಿ, ನಳಿಕೆ ಹಾಕಿ ತೊಳೆಸಿಕೊಂಡು ಬಂದಿದ್ದರು. ಊರಿನಲ್ಲಿ ‘ಉಷ್ಣ’ ಎಂದು ಹೇಳಿ ವರ್ಷವಿಡೀ ಎಳನೀರು ಕುಡಿಸಿದ್ದರಂತೆ. ನಾನು ನನ್ನ ಮೂಲವ್ಯಾಧಿಯ ಕಥೆ ಹೇಳಿದೆ. ಇಬ್ಬರೂ ಕೈ ಹಿಡಿದುಕೊಂಡು ಕೂತೆವು.

ಅವರಿಗೆ ವೈದ್ಯರು ಬೇರೆ ದಾರಿ ಹೇಳಿದರು. ಮುಚ್ಚಿದ ಕೋಣೆಯಂಥ ಯಂತ್ರದೊಳಗೆ ಕೂರಿಸಿ, ಹೊರಗಿನ ಗಾಳಿಯ ಎರಡು ಎರಡೂವರೆ ಪಟ್ಟು ಒತ್ತಡದಲ್ಲಿ, ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ. ಸಲಕ್ಕೆ ಒಂದೂವರೆ ತಾಸು, ಒಟ್ಟು ಮೂವತ್ತರಿಂದ ನಲವತ್ತು ಸಲ. ಅಷ್ಟು ಒತ್ತಡದಲ್ಲಿ ಆಮ್ಲಜನಕ ರಕ್ತದ ನೀರಿನಲ್ಲೇ ಕರಗಿ, ಕಿರಿದಾದ ನಾಳಗಳ ಆಚೆಗೂ ತಲುಪುತ್ತದೆ. ದಿನಗಳೆದಂತೆ ಅಲ್ಲಿ ಹೊಸ ನಾಳಗಳು ಬೆಳೆಯುತ್ತವೆ. ಆರ್ಗಾನ್ ಒಡೆದ ದಂಡೆಯನ್ನು ಮುಚ್ಚುತ್ತದೆ, ಇದು ಹೂಳೆತ್ತಿ ಹೊಸ ನೀರು ಬಿಡುತ್ತದೆ ಎಂದು ನಾನು ಅವರಿಗೆ ನಮ್ಮ ವೈದ್ಯರ ಮಾತಿನಲ್ಲೇ ಬಿಡಿಸಿ ಹೇಳಿದೆ. ಕಾಲುವೆಯ ಕೊನೆಯ ಭಾಗದವರು, ತಕ್ಷಣ ಅರ್ಥವಾಯಿತು. ಆ ಯಂತ್ರ ನಮ್ಮ ಕಡೆಯವರ ಕೈಗೆ ಎಟುಕುವಷ್ಟು ಹತ್ತಿರ ಇಲ್ಲದಿದ್ದುದು ನನಗೆ ಸಂಕಟದ ವಿಷಯವಾಗಿತ್ತು. ಕೂಲಿ ಬಿಟ್ಟು ಎಂಟು ವಾರ ಪರ ಊರಿನಲ್ಲಿ ಇರುವುದು ಎಂದರೆ ಏನು ಎಂದು ಮಾನ್ವಿಯ ಹೆಣ್ಣುಮಗಳನ್ನು ಕೇಳಬೇಕು. ಅವರ ತಮ್ಮ ಹೈದರಾಬಾದಿನಲ್ಲಿ ಗಾರೆ ಕೆಲಸ ಮಾಡುತ್ತಾನೆ. ಅವನ ಕೋಣೆಯಲ್ಲಿ ಉಳಿಯುವ ಏರ್ಪಾಡಾಯಿತು. ನಾನು ಅವರ ಕರೆಂಟಿನ ಕಾಗದವನ್ನೂ ಲ್ಯಾಮಿನೇಟ್ ಮಾಡಿಸಿ ಕೊಟ್ಟೆ.

2025ರ ಜನವರಿಯಲ್ಲಿ ಮತ್ತೆ ರೊಟ್ಟಿ ಬಡಿಯಲು ಕೂತೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಒಂದೇ ಸಲ ಎದ್ದೆ, ಅದೂ ನೀರು ಕುಡಿಯಲು. ವೈನಿ ಮಾತ್ರ ಆಗಾಗ ನನ್ನ ಕಡೆ ನೋಡುತ್ತಿದ್ದರು. ಫೆಬ್ರವರಿಯ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.2. ತಿಂಗಳಿಗೆ ಒಮ್ಮೆಯೋ ಎರಡು ಸಲವೋ ಈಗಲೂ ಒಂದು ಹನಿ ರಕ್ತ ಕಾಣಿಸುತ್ತದೆ, ದಿನಾಂಕವನ್ನು ಶಾಲೆಯ ಡೈರಿಯ ಹಿಂಬದಿಯಲ್ಲಿ ಬರೆದಿಡುತ್ತೇನೆ. ಹೆಚ್ಚಾದರೆ ಮತ್ತೊಮ್ಮೆ ನೋಡೋಣ ಎಂದಿದ್ದಾರೆ. ಆ ಸಿರಿಂಜು, ನಳಿಕೆ, ಚೊಂಬು ಎಲ್ಲ ಕಪಾಟಿನ ಮೇಲಿನ ಅರೆಯಲ್ಲಿವೆ. ತೆಗೆದುಬಿಡೋಣ ಎಂದರೆ ನಮ್ಮ ಯಜಮಾನರು “ಇರಲಿ ಬಿಡು” ಎನ್ನುತ್ತಾರೆ.

ಮಾನ್ವಿಯವರು ಹೈದರಾಬಾದಿನಿಂದ ವಾರಕ್ಕೊಮ್ಮೆ ಕರೆ ಮಾಡುತ್ತಾರೆ. ನಿನ್ನೆ ಇಪ್ಪತ್ತೆರಡನೆಯ ಸರದಿ ಮುಗಿಯಿತಂತೆ. ಒಳಗೆ ಕೂತಾಗ ಕಿವಿ ಗುಂಯ್ ಎನ್ನುತ್ತದೆ, ಉಗುಳು ನುಂಗುತ್ತಾ ಇರಲು ಹೇಳಿದ್ದಾರೆ ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಅಕ್ಕಾವರೇ, ಇವತ್ತು ಬೆಳಿಗ್ಗೆ ಉಚ್ಚೆಯ ಬಣ್ಣ ನೀರಿನ ಹಾಗೇ ಇತ್ತು. ತಮ್ಮನನ್ನೂ ಕರೆದು ತೋರಿಸಿದೆ” ಎಂದರು.